ಅಪ್‌ಡೇಟ್: ಹಿಮದಲ್ಲಿ ಒಬ್ಬನೇ ತುಂಗನಾಥಕ್ಕೆ ಹೋಗಿ ಬಂದೆ

ಚಳಿಗೆ ಬಾಟಲಿ ನೀರು ಗಡ್ಡೆಕಟ್ಟದಂತೆ, ಫೋನ್ ಆಫ್ ಆಗದಂತೆ ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಹೋದ ವಾರ ಉತ್ತರಾಖಂಡದ ಚೋಪ್ತಾದಿಂದ ತುಂಗನಾಥ ಶಿವನ ಗುಡಿ ದಾಟಿ ಚಂದ್ರಶಿಲಾ ಶಿಖರದ ತನಕ ನಡೆದೆ.

ಬಾಟಲಿ ತಲೆಕೆಳಗಾಗಿ ಇಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ. ಹಾಗಾಗಿ ಮಂಜುಗಡ್ಡೆ ಬಾಟಲಿಯ ತಳದ ಕಡೆ ಕಟ್ಟಿತ್ತು, ಮುಚ್ಚಳ ಸಲೀಸಾಗಿ ಬಿಚ್ಚಿತು.

ಫೋನನ್ನು ಕಾಲುಚೀಲದಲ್ಲಿ ಸುತ್ತಿ ಬ್ಯಾಗಿಗೆ ಹಾಕಿದ್ದು ಉಪಯೋಗವಾಗಲಿಲ್ಲ. 40 ಪರ್ಸೆಂಟ್ ಇದ್ದಾಗಲೇ ಆಫ್. ಒಳಜೇಬಿನಲ್ಲಿ ಮೈಗೆ ಒತ್ತಿಟ್ಟುಕೊಂಡ ಮೇಲೆ ಮತ್ತೆ ಆನ್ ಆಯಿತು.

ಗೊತ್ತಿಲ್ಲದಿದ್ದ ಇನ್ನೊಂದು: ಬೆಳಿಗ್ಗೆ ಕಲ್ಲಿನಂತಿದ್ದ ಹಿಮ ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾಗಿ, ಮೊಣಕಾಲವರೆಗೆ ಹೂತುಹೋಗುತ್ತಿತ್ತು. ಆದಷ್ಟು ಬೇಗ ಹೊರಡಿ. ಚಳಿಗಾಲದಲ್ಲಿ ಗುಡಿ ಮುಚ್ಚಿರುತ್ತದೆ, ಉತ್ಸವಮೂರ್ತಿ ಕೆಳಗೆ ಮಕ್ಕೂಮಠ ಅನ್ನೋ ಹಳ್ಳಿಯಲ್ಲಿ. ಮುಚ್ಚಿದ ಬಾಗಿಲ ಮುಂದೆಯೇ ಕೈಮುಗಿದು ಬಂದೆ.