ಪಾರ್ಸ್ಲಿ ಬೀಜಕ್ಕೆ ಅಲ್ಟ್ರಾಸೌಂಡ್, ಅಯಸ್ಕಾಂತ: ಮೊಳಕೆ ನಿಜವಾಗಿ ಹೆಚ್ಚುತ್ತದೆಯೇ?

ಪ್ರಶ್ನೆ
ಸುಗಂಧ ಸಸ್ಯಗಳ ಸಸಿ ಬೆಳೆಸುತ್ತೇನೆ. ಕಾಮಕಸ್ತೂರಿಯದು ತೊಂದರೆಯಿಲ್ಲ. ಪಾರ್ಸ್ಲಿ, ಲ್ಯಾವೆಂಡರ್ ಮಾತ್ರ ವಾರಗಟ್ಟಲೆ ಕಾಯಿಸುತ್ತವೆ, ಅದೂ ಅಲ್ಲೊಂದು ಇಲ್ಲೊಂದು ಮೊಳೆಯುತ್ತವೆ. ಆಭರಣ ತೊಳೆಯುವ 40 ಕಿಲೋಹರ್ಟ್ಸ್‌ನ ಅಲ್ಟ್ರಾಸೌಂಡ್ ತೊಟ್ಟಿಯಲ್ಲಿ ನೀರು ಹಾಕಿ 50 ಪಾರ್ಸ್ಲಿ ಬೀಜ ಇಟ್ಟೆ, 36 ಮೊಳೆತವು. ಹಾಗೆಯೇ ಬಿತ್ತಿದ 50ರಲ್ಲಿ 31. ಈ ದಾರಿಯಲ್ಲಿ ಮುಂದುವರಿಯಬಹುದೇ? ಅಯಸ್ಕಾಂತವನ್ನೂ ಪ್ರಯತ್ನಿಸಬೇಕೆಂದಿದ್ದೇನೆ.

ಉತ್ತರ 1
ಮೈಕ್ರೋವೇವ್ ಒಲೆಯ ಕಡೆಗಂತೂ ಹೋಗಬೇಡಿ. ಅದರ 2.45 ಗಿಗಾಹರ್ಟ್ಸ್ ತರಂಗ ಬೀಜದೊಳಗಿನ ನೀರನ್ನೇ ಕಾಯಿಸುತ್ತದೆ, ಭ್ರೂಣ ಬೆಂದುಹೋಗುತ್ತದೆ.

ಉತ್ತರ 2
ನನ್ನ ಕೆಲಸವೇ ಬೀಜ ಪರೀಕ್ಷೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಿಮ್ಮ ಹೋಲಿಕೆಯಲ್ಲಿ ಒಂದು ಗುಂಪು ನೆನೆದಿದೆ, ಇನ್ನೊಂದು ನೆನೆದಿಲ್ಲ. ಪಾರ್ಸ್ಲಿ ಬೀಜದ ಹೊದಿಕೆಯಲ್ಲಿ ಮೊಳಕೆಯನ್ನು ತಡೆಯುವ ವಸ್ತುಗಳಿವೆ. ಬರಿಯ ನೀರಿನಲ್ಲಿ ತೊಳೆದರೂ ಅವು ಒಂದಿಷ್ಟು ಹೋಗುತ್ತವೆ. ಆ ಲಾಭವನ್ನು ಅಲ್ಟ್ರಾಸೌಂಡಿನ ಖಾತೆಗೆ ಬರೆಯಬಾರದು. ಅಷ್ಟೇ ಹೊತ್ತು, ಅಷ್ಟೇ ಬಿಸಿಯ ನೀರಿನಲ್ಲಿ ನೆನೆದ ಮೂರನೆಯ ಗುಂಪು ಬೇಕೇ ಬೇಕು. ಜೊತೆಗೆ, 50 ಬೀಜಗಳಲ್ಲಿ ಐದರ ಅಂತರ ಆಕಸ್ಮಿಕವಾಗಿಯೂ ಬರುತ್ತದೆ. ಪ್ರಯೋಗಾಲಯಗಳಲ್ಲಿ ನೂರು ಬೀಜಗಳ ನಾಲ್ಕು ಗುಂಪು ಇಡುವುದು ಅದಕ್ಕಾಗಿಯೇ.

ಅಲ್ಟ್ರಾಸೌಂಡ್ ಸುಳ್ಳಲ್ಲ. ನೀರಿನಲ್ಲಿ ಹುಟ್ಟುವ ಸೂಕ್ಷ್ಮ ಗುಳ್ಳೆಗಳು ಒಡೆಯುವಾಗ ಬೀಜದ ಹೊದಿಕೆಯಲ್ಲಿ ಸಣ್ಣ ಸಣ್ಣ ಗುಂಡಿಗಳಾಗುತ್ತವೆ, ನೀರು ಬೇಗ ಒಳಹೋಗುತ್ತದೆ. ಹೊದಿಕೆಯೇ ಅಡ್ಡಿಯಾಗಿರುವ ಬೀಜಕ್ಕೆ ಇದು ನೆರವು. ಪಾರ್ಸ್ಲಿಯ ಕಷ್ಟ ಬೇರೆ: ಗಿಡದಿಂದ ಉದುರುವಾಗ ಅದರ ಭ್ರೂಣ ಇನ್ನೂ ಚಿಕ್ಕದು, ಬೀಜದೊಳಗೇ ಬೆಳೆದು ಆಮೇಲೆ ಬೇರು ಹೊರಹಾಕಬೇಕು. ಆ ಬೆಳವಣಿಗೆಗೆ ಬೇಕಾದ ಕಾಲವನ್ನು ಗುಳ್ಳೆಗಳು ತುಂಬಿಕೊಡಲಾರವು. ಕಾಮಕಸ್ತೂರಿಯನ್ನಂತೂ ತೊಟ್ಟಿಗೆ ಹಾಕಲೇಬೇಡಿ, ನೀರು ಸೋಕಿದಾಗ ಅದರ ಸುತ್ತ ಮೂಡುವ ಲೋಳೆ ಕಿತ್ತುಬರುತ್ತದೆ.

ಅಯಸ್ಕಾಂತದ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಭೂಮಿಯ ಕಾಂತಕ್ಷೇತ್ರ 25ರಿಂದ 65 ಮೈಕ್ರೋಟೆಸ್ಲಾ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವುದು ಹತ್ತಾರು, ನೂರಾರು ಮಿಲಿಟೆಸ್ಲಾ (ಒಂದು ಮಿಲಿಟೆಸ್ಲಾ ಎಂದರೆ ಸಾವಿರ ಮೈಕ್ರೋಟೆಸ್ಲಾ). ಕೆಲವು ಬೆಳೆಗಳಲ್ಲಿ ಮೊಳಕೆ ಬೇಗ ಬಂದ ವರದಿಗಳಿವೆ, ಆದರೆ ಜಾತಿ ಬದಲಾದರೆ, ಅಷ್ಟೇಕೆ ಬೀಜದ ತೇವಾಂಶ ಬದಲಾದರೂ ಫಲಿತಾಂಶ ಬದಲಾಗುತ್ತದೆ. ಅಯಸ್ಕಾಂತದಿಂದ ತುಸು ದೂರ ಸರಿದರೂ ಕ್ಷೇತ್ರ ತೀವ್ರವಾಗಿ ಕುಸಿಯುವುದರಿಂದ ಒಂದೇ ತಟ್ಟೆಯ ಬೀಜಗಳಿಗೂ ಸಮನಾದ ಉಪಚಾರ ಸಿಗುವುದಿಲ್ಲ.

ಗಟ್ಟಿ ಆಧಾರವಿರುವ ವಿದ್ಯುತ್ಕಾಂತೀಯ ಉಪಚಾರ ಬೇಕೆಂದರೆ ಬೆಳಕಿದೆ! 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್ಲೆಯಲ್ಲಿ ವಿಜ್ಞಾನಿಗಳಾದ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು ಲೆಟ್ಯೂಸ್ ಬೀಜದ ಮೇಲೆ ಇದನ್ನು ತೋರಿಸಿದರು: ಸುಮಾರು 660 ನ್ಯಾನೊಮೀಟರಿನ ಕೆಂಪು ಬೆಳಕು ಮೊಳಕೆಗೆ ಚಾಲನೆ ಕೊಡುತ್ತದೆ, 730ರ ಆಸುಪಾಸಿನ ದೂರಕೆಂಪು (ಕಣ್ಣಿಗೆ ಅಷ್ಟಾಗಿ ಕಾಣದ ಕಡುಗೆಂಪು) ತಡೆಯುತ್ತದೆ, ಕೊನೆಯಲ್ಲಿ ಬಿದ್ದ ಬೆಳಕಿನ ಮಾತೇ ನಡೆಯುತ್ತದೆ. ಲ್ಯಾವೆಂಡರ್ ಬೀಜವನ್ನು ಕೆಲವು ವಾರ ತೇವದ ತಂಪಿನಲ್ಲಿಟ್ಟು, ಮಣ್ಣು ಮುಚ್ಚದೆ ಬೆಳಕಿನಲ್ಲಿ ಬಿತ್ತಿ ನೋಡಿ.

ಪ್ರಶ್ನೆ ಕೇಳಿದವರು
ಧನ್ಯವಾದಗಳು ಸರ್. ತೊಟ್ಟಿಯಲ್ಲಿ ಎಷ್ಟು ಹೊತ್ತು ಇಡಲಿ?

ಉತ್ತರ 2
ಕೆಲವೇ ನಿಮಿಷಗಳಿಂದ ಶುರುಮಾಡಿ. ನೀರು ತಾನಾಗಿ ಬಿಸಿಯಾಗುತ್ತದೆ, ಥರ್ಮಾಮೀಟರ್ ಇಟ್ಟು ಆಗಾಗ ತಣ್ಣೀರು ಬದಲಿಸಿ. ಹೆಚ್ಚು ಹೊತ್ತಾದರೆ ಭ್ರೂಣಕ್ಕೇ ಪೆಟ್ಟು. ಮೊಳೆತವನ್ನು ಪ್ರತಿದಿನ ಎಣಿಸಿ ಬರೆದಿಡಿ. ಕೊನೆಯ ದಿನದ ಲೆಕ್ಕ ಮಾತ್ರ ಇದ್ದರೆ, ಉಪಚಾರದಿಂದ ಹೆಚ್ಚು ಬೀಜ ಮೊಳೆತವೋ ಅಥವಾ ಅಷ್ಟೇ ಬೀಜಗಳು ಬೇಗ ಮೊಳೆತವೋ ಎಂಬುದು ತಿಳಿಯುವುದಿಲ್ಲ.