ಸಹಾಯ ಬೇಕು: ಆಮೆಗೆ ಹಿತ್ತಲಲ್ಲಿ ಏನು ಬೆಳೆಸಬಹುದು? (ಪುಣೆ)

ನಮಸ್ಕಾರ. ಕೋಥ್ರೂಡ್‌ನಲ್ಲಿ ನಮ್ಮದು ನೆಲಮಹಡಿ ಮನೆ, ಹಿಂದೆ ಸ್ವಲ್ಪ ಜಾಗ ಇದೆ. ಒಂದು ಸುಲ್ಕಾಟಾ ಆಮೆ ಸಾಕಿದ್ದೇವೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆ. ನಕ್ಷತ್ರ ಆಮೆ ಅಲ್ಲ, ಅದನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಹಾಗಾಗಿ ದಯವಿಟ್ಟು ಆ ಚರ್ಚೆ ಬೇಡ.

ಸುಲ್ಕಾಟಾ ಸಹಾರಾದ ದಕ್ಷಿಣ ಅಂಚಿನ ಪ್ರಾಣಿ. ಹುಲ್ಲೇ ಮುಖ್ಯ ಆಹಾರ. ನಾರು ಜಾಸ್ತಿ ಬೇಕು, ಹಣ್ಣು ಬೇಡ. ಪಾಲಕ್‌ನಲ್ಲಿ ಆಕ್ಸಲೇಟ್ ಜಾಸ್ತಿ, ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದಿಲ್ಲ. ಅದಕ್ಕೇ ಗರಿಕೆ, ದಾಸವಾಳ, ಹಿಪ್ಪುನೇರಳೆ, ಮುಳ್ಳು ತೆಗೆದ ಪಾಪಾಸುಕಳ್ಳಿ ಅಂತ ಯೋಚಿಸಿದ್ದೇವೆ.

ತೊಂದರೆ ಏನೆಂದರೆ, ಜಾಗದ ಅರ್ಧಭಾಗ ಮಾವಿನ ಮರದ ನೆರಳು. ಅಲ್ಲಿ ಗರಿಕೆ ಹಬ್ಬುತ್ತಲೇ ಇಲ್ಲ. ನೆರಳಲ್ಲೂ ಬರುವ, ಆಮೆ ತಿನ್ನಬಹುದಾದ ಹುಲ್ಲು ಯಾವುದಾದರೂ ಇದೆಯೇ? ಮಳೆಗಾಲದಲ್ಲಿ ಕಪ್ಪುಮಣ್ಣು ಕೆಸರಾಗುತ್ತದೆ, ಕಳ್ಳಿಯನ್ನು ಏರು ಮಡಿಯಲ್ಲಿ ಹಾಕಿದರೆ ಬದುಕುತ್ತದೆಯೇ?

ನರ್ಸರಿ ಗಿಡಗಳಿಗೆ ಏನು ಹೊಡೆದಿರುತ್ತಾರೋ ಎಂಬ ಭಯ ಬೇರೆ. ಕೆಲವು ಕೀಟನಾಶಕ ಎಲೆಯೊಳಗೇ ಸೇರಿರುತ್ತದೆ, ತೊಳೆದರೆ ಹೋಗುವುದಿಲ್ಲ. ಅದಕ್ಕೆ ಔಷಧಿ ಹೊಡೆಯದ ದಾಸವಾಳದ ಕಡ್ಡಿ ಯಾರ ಮನೆಯಲ್ಲಾದರೂ ಇದ್ದರೆ ತಿಳಿಸಿ, ನಾನೇ ಬಂದು ಒಯ್ಯುತ್ತೇನೆ. ರಾಮನಗರ ಕಡೆಯಿಂದ ಬರುವವರು ನಾಲ್ಕು ಹಿಪ್ಪುನೇರಳೆ ಕಡ್ಡಿ ತಂದುಕೊಟ್ಟರಂತೂ ಬಹಳ ಉಪಕಾರ.

ಇನ್ನೊಂದು ವಿಷಯ. ಬೇಲಿ ಪಕ್ಕ ಕಣಗಿಲೆ, ಲಂಟಾನ ಇವೆ. ಎರಡೂ ವಿಷ, ಅಲ್ವಾ? ಕಣಗಿಲೆ ಪಕ್ಕದವರದು, ಕೀಳಿಸಲಾಗುವುದಿಲ್ಲ, ಎಲೆ ಮಾತ್ರ ನಮ್ಮ ಕಡೆ ಉದುರುತ್ತದೆ. ದಿನಾ ಗುಡಿಸುವುದು ಬಿಟ್ಟು ಬೇರೆ ಉಪಾಯ ಇದ್ದರೆ ಹೇಳಿ.