ಸಹಾಯ ಬೇಕು: ಮಗನಿಗೆ ಸದ್ದು ತಡೆದುಕೊಳ್ಳಲು ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು. ಮಗನಿಗೆ 7 ವರ್ಷ. ಮಿಕ್ಸಿ ಹಾಕಿದರೆ ಸಾಕು, ಎರಡೂ ಕಿವಿ ಮುಚ್ಚಿಕೊಂಡು ಅಕ್ಕಿ ಡಬ್ಬಿಯ ಹಿಂದೆ ಕೂರುತ್ತಾನೆ. ಅಂಗಿಯ ಲೇಬಲ್ ಕತ್ತರಿಸದೆ ಹಾಕುವ ಹಾಗಿಲ್ಲ. ಕಾಸರಗೋಡು ಬಸ್ ಸ್ಟ್ಯಾಂಡಿನಲ್ಲಿ ಹಾರ್ನ್, ಬಿಸಿಲು, ಜನ ಎಲ್ಲ ಒಟ್ಟಿಗೆ ಆದರೆ ನೆಲದಲ್ಲೇ ಕೂತು ಅಳುತ್ತಾನೆ. ಅದು ಹಠ ಅಲ್ಲ. ಆಮೇಲೆ ಸುಸ್ತಾಗಿ ಮಲಗಿಬಿಡುತ್ತಾನೆ. ಶೀಟಿನ ಮೇಲೆ ಬೀಳುವ ಮಳೆ ಸದ್ದು ಮಾತ್ರ ಅವನಿಗೆ ತುಂಬಾ ಇಷ್ಟ.

ಕಿವಿ ಪರೀಕ್ಷೆ ಮಾಡಿಸಿದ್ದೇವೆ, ಕೇಳುವುದರಲ್ಲಿ ತೊಂದರೆ ಇಲ್ಲ. ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸ, ಸದ್ದು, ಸ್ಪರ್ಶ ಇವನ್ನೆಲ್ಲ ನಿಭಾಯಿಸಲು ಅಭ್ಯಾಸ ಮಾಡಿಸುವ ಚಿಕಿತ್ಸೆ) ಮಾಡಿಸಿ ಅಂದರು ಡಾಕ್ಟರು. ಹೋದ ಕಡೆ ಎಲ್ಲ ಮಲಯಾಳದಲ್ಲೇ ಮಾತು, ಇವನಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ಕನ್ನಡ ಮಾತಾಡುವ ಥೆರಪಿಸ್ಟ್ ಯಾರಾದರೂ ಗೊತ್ತಾ? ಮಂಗಳೂರಾದರೂ ಸರಿ, ಬರುತ್ತೇವೆ.

ಇನ್ನೊಂದು. ಮುಂದಿನ ತಿಂಗಳು ಅಣ್ಣನ ಮಗನ ಉಪನಯನ. ವಾದ್ಯ, ಗಂಟೆ, ಹೋಮದ ಹೊಗೆ. ಸದ್ದು ಕಡಿಮೆ ಮಾಡಲು ಕಿವಿ ಮುಚ್ಚುವ ಇಯರ್‌ಮಫ್ ಹಾಕಿಸಿ ಮಕ್ಕಳನ್ನು ಕರೆದುಕೊಂಡು ಹೋದವರು ಇದ್ದೀರಾ? ದಿನವಿಡೀ ಹಾಕಿದರೆ ಸದ್ದು ಇನ್ನೂ ಜಾಸ್ತಿ ಕಾಡಬಹುದಂತೆ, ಅದಕ್ಕೆ ವಾದ್ಯದ ಹೊತ್ತಿಗೆ ಮಾತ್ರ ಅಂದುಕೊಂಡಿದ್ದೇನೆ. ಮಕ್ಕಳ ತಲೆಗೆ ಬಿಗಿಯಾಗದ್ದು ಎಲ್ಲಿ ಸಿಗುತ್ತದೆ? "ಒಂದು ಪೆಟ್ಟು ಕೊಟ್ಟರೆ ಸರಿಹೋಗ್ತಾನೆ" ಅನ್ನುವ ಹಿರಿಯರಿಗೆ ನೀವು ಹೇಗೆ ಹೇಳಿದಿರಿ, ಅದನ್ನೂ ದಯವಿಟ್ಟು ಬರೆಯಿರಿ.